ಓಗೊಡದ ನಿಲ್ದಾಣ

ಎಂಬತ್ತೈದನೆಯ ಇಸವಿಯಲ್ಲಿ ನಮ್ಮ ಗಲ್ಲಿಯ ಗಣಪತಿಯ ಬಾಜುವಿಗೆ ಆಕಾಶ ಕಟ್ಟಬೇಕೆಂದು ತೀರ್ಮಾನವಾಯಿತು. ಬೆಳಗಾವಿಯಲ್ಲಿ ಗಣಪತಿ ಕೂರಿಸಿದರೆ ಸಾಲದು, ಜೊತೆಗೆ ಆಡುವ ಗೊಂಬೆಗಳ ದೇಖಾವೆಯೂ ಬೇಕು. ಒಂದು ಗಲ್ಲಿಯವರು ಕೋಟೆಯ ಯುದ್ಧ ತೋರಿಸಿದರೆ ಇನ್ನೊಂದು ಗಲ್ಲಿಯವರು ಸಮುದ್ರ ಕಡೆಯುತ್ತಾರೆ. ಮೋಟರು, ಸೈಕಲ್ ಚೈನು, ಹಗ್ಗ ಸೇರಿ ಗೊಂಬೆಗಳ ಕೈಕಾಲು ಆಡಿಸುತ್ತವೆ. ಸಂಜೆಯಾದರೆ ಖಾನಾಪುರ, ಕಿತ್ತೂರು ಕಡೆಯಿಂದ ಜನ ರೈಲು, ಬಸ್ಸು ತುಂಬಿಕೊಂಡು ಬಂದು ಗಲ್ಲಿ ಗಲ್ಲಿ ತಿರುಗಿ ನೋಡುತ್ತಾರೆ. ಹಿಂದಿನ ವರ್ಷ ನಮ್ಮ ಗಲ್ಲಿಯ ಹನುಮಂತ ಲಂಕೆಗೆ ಹಾರುವಾಗ ನಡುದಾರಿಯಲ್ಲಿ ಸಿಕ್ಕಿಕೊಂಡು, ಜನ ಹೋಗುವ ತನಕ ಸಮುದ್ರದ ಮೇಲೆಯೇ ಜೋತಾಡುತ್ತಿದ್ದ. ಆ ನಗೆಯನ್ನು ಗಲ್ಲಿಯವರು ವರ್ಷವಿಡೀ ಹೊತ್ತಿದ್ದರು.

ಆಕಾಶದ ವಿಚಾರ ತಂದವನು ನಮ್ಮ ಅಣ್ಣ ಗುರುಪಾದ. ಅವನು ಊರ ಹೊರಗಿನ ಮಚ್ಛೆಯ ಒಂದು ಸಣ್ಣ ಕಾರಖಾನೆಯಲ್ಲಿ ಲೇಥ್ ನಡೆಸುತ್ತಿದ್ದ. ಬುತ್ತಿ ಕಟ್ಟಿಕೊಂಡು ಹೋದ ಪೇಪರನ್ನು ಸಂಜೆ ತಿರುಗಿ ತಂದು ನನ್ನೆದುರು ಹಾಸಿದ. ರಷ್ಯಾದವರ ಆಕಾಶ ನಿಲ್ದಾಣದ ಸುದ್ದಿ ಅದರಲ್ಲಿತ್ತು. ಹಿಂದಿನ ವರ್ಷ ನಮ್ಮ ದೇಶದವನೊಬ್ಬ ಹೋಗಿ ಇದ್ದು ಬಂದಿದ್ದನಲ್ಲ, ಅದೇ ನಿಲ್ದಾಣ. ಅದರಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಅದು ಇದ್ದಕ್ಕಿದ್ದಂತೆ ಮೂಕಾಯಿತು. ಕೆಳಗಿನಿಂದ ಎಷ್ಟು ಕರೆದರೂ ಓಗೊಡಲಿಲ್ಲ. ದೀಪವಿಲ್ಲ, ಶಾಖವಿಲ್ಲ, ಸತ್ತ ಹಾಗೆ ಭೂಮಿಯನ್ನು ಸುತ್ತುತ್ತಲೇ ಇತ್ತು. ಇಬ್ಬರು ಒಂದು ನೌಕೆಯಲ್ಲಿ ಹೋಗಿ, ಅದು ಯಾವ ಕಡೆ ಹೊರಳುತ್ತದೆಂದು ಕಣ್ಣಿನಿಂದ ನೋಡುತ್ತ, ಕೈಯಿಂದಲೇ ನೌಕೆ ನಡೆಸಿ ಅದಕ್ಕೆ ಜೋಡಿಸಿದರು. ಒಳಗೆ ಹೋದರೆ ಗೋಡೆಗೆಲ್ಲ ಹಿಮ ಕಟ್ಟಿತ್ತಂತೆ, ನೀರೆಲ್ಲ ಗಡ್ಡೆಯಾಗಿತ್ತಂತೆ. ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ದುರಸ್ತಿ ಮಾಡಿದರಂತೆ.

ಅಣ್ಣ ಇದನ್ನೆಲ್ಲ ನನ್ನೆದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ. ನನಗೆ ಹಾಗೆ ಹೇಳಿದರೇ ತಿಳಿಯುವುದು. ಸಣ್ಣವಳಿದ್ದಾಗ ಕಿವಿ ಸೋರತೊಡಗಿ, ಬೆಳ್ಳುಳ್ಳಿ ಎಣ್ಣೆ, ಹಸುವಿನ ಗಂಜಲ, ದವಾಖಾನೆಯ ಹನಿ ಎಲ್ಲ ಮುಗಿದ ಮೇಲೆ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಗೆ ಬಾಯಿ ಹತ್ತಿರ ತಂದು ಗಟ್ಟಿಯಾಗಿ ಹೇಳಿದರೆ ಅಷ್ಟಿಷ್ಟು ಕೇಳುತ್ತದೆ. ಸಾಲೆಯಲ್ಲಿ ಅಕ್ಕೋರು ಬೋರ್ಡಿನ ಕಡೆ ಮುಖ ಮಾಡಿ ಹೇಳಿದ್ದು ನನಗೆ ಹೇಳದೆ ಇದ್ದ ಹಾಗೆ. ಬಾಜೂ ಹುಡುಗಿಯ ಪಾಟಿ ನೋಡಿ ಬರೆಯುತ್ತಿದ್ದೆ. ಅದಕ್ಕೆ ಕಳ್ಳಿ ಎಂದು ಬೆಂಚಿನ ಮೇಲೆ ನಿಲ್ಲಿಸಿದರು. ಐದನೆಯ ಇಯತ್ತೆಗೆ ಸಾಲೆ ಬಿಟ್ಟೆ. ಓದುವುದನ್ನು ಬಿಡಲಿಲ್ಲ. ಅಕ್ಷರವನ್ನು ಕೇಳಿಸಿಕೊಳ್ಳಬೇಕಾಗಿಲ್ಲವಲ್ಲ.

ಮನೆಯ ಹೊರಗೆ ಇದು ಯಾರಿಗೂ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ನಾನು ಉತ್ತರ ಕೊಡದಿದ್ದರೆ ಅವ್ವ, "ಭಾಳ ನಾಚಕಿ ಹುಡುಗಿರಿ" ಎಂದುಬಿಡುತ್ತಿದ್ದಳು. ಗಲ್ಲಿಯವರೂ ಸಿದ್ದಕ್ಕ ಅಂದರೆ ನಾಚಿಕೆ ಸ್ವಭಾವದವಳು, ಒಂದಿಷ್ಟು ಮಂದಬುದ್ಧಿ ಎಂದು ತಿಳಿದುಕೊಂಡಿದ್ದರು. ಮಂದಬುದ್ಧಿ ಅನ್ನಿಸಿಕೊಳ್ಳುವುದು ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ಎಲ್ಲರೂ ಅದರಂತೆಯೇ ನಡೆಯುತ್ತಿದ್ದೆವು.

ಶ್ರಾವಣದಲ್ಲಿ ಖಾನಾಪುರದಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗನ ತಂದೆ ಬಂಡೆಪ್ಪನವರು ಹಂಚಿನ ಕಾರಖಾನೆಯಲ್ಲಿ ಮೇಸ್ತ್ರಿ. ಹುಡುಗನೂ ಅಲ್ಲಿಯೇ ಕೆಲಸಕ್ಕಿದ್ದ. ಜೊತೆಗೆ ಹುಡುಗನ ಅಕ್ಕ ಶಿವಬಸವ್ವ ಬಂದಿದ್ದಳು. ಅವ್ವ ನನ್ನ ಬೆನ್ನಿಗೆ ಅಂಟಿಕೊಂಡು ಕೂತಳು. ಸೆರಗಿನ ಮರೆಯಲ್ಲಿ ಒಂದು ಸಲ ಬೆರಳು ಒತ್ತಿದರೆ ನಾನು "ಹೂನ್ರಿ" ಎನ್ನಬೇಕು, ಎರಡು ಸಲ ಒತ್ತಿದರೆ ತಲೆ ತಗ್ಗಿಸಿ ನಗಬೇಕು. ರೊಟ್ಟಿ ಬಡಿಯುವುದಕ್ಕೂ ಹೊಲಿಗೆಗೂ ಹೂನ್ರಿ ಅಂದಾಯಿತು. ಆಮೇಲೆ ಶಿವಬಸವ್ವ ಏನೋ ಕೇಳಿದಳು. ಬೆರಳು ಒಂದು ಸಲ ಒತ್ತಿತು, ಹೂನ್ರಿ ಅಂದೆ. ಎಲ್ಲರೂ ನಕ್ಕರು. ಯಾವ ಹಾಡು ಬರುತ್ತದೆ ಎಂದು ಆಕೆ ಕೇಳಿದ್ದಳಂತೆ. ನಗು ಇಳಿದ ಮೇಲೆ ನಾನು ಕಣ್ಣೆತ್ತಿ ನೋಡಿದೆ. ಶಿವಬಸವ್ವ ಮಾತ್ರ ನಕ್ಕಿರಲಿಲ್ಲ. ಆಕೆ ಅವ್ವನ ಸೆರಗು ನೋಡುತ್ತಿದ್ದಳು.

ಆದರೂ ಒಪ್ಪಿಗೆ ಬಂತು. ಗಣಪತಿ ಕಳೆದ ಮೇಲೆ ನಿಶ್ಚಯಕ್ಕೆ ಬರುತ್ತೇವೆಂದು ಹೇಳಿ ಕಳಿಸಿದರು. ಮದುವೆಯಾದ ಮೇಲೆ ಹೇಗೂ ತಿಳಿಯುತ್ತದಲ್ಲ ಎಂದು ನಾನು ಅಣ್ಣನ ಹತ್ತಿರ ಅಂದೆ. ಅಪ್ಪನನ್ನು ಕೇಳು ಎಂದ. ಅಪ್ಪ ದುಂಡಪ್ಪನಿಗೆ ಮೋಟರ್ ರಿಪೇರಿಯ ಅಂಗಡಿ. ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ, ಮನೆಯಲ್ಲಿ ಕೂತು ಆ ತಂತಿ ಸುತ್ತಿ ಕೊಡುವವಳು ನಾನು. ಅವನನ್ನು ನಾನು ಕೇಳಲಿಲ್ಲ. ಕೇಳಿದ್ದರೂ, ಮೂರು ಗಂಟು ಬಿದ್ದ ಮೇಲೆ ಯಾರೂ ಹೆಣ್ಣನ್ನು ತಿರುಗಿ ಕಳಿಸುವುದಿಲ್ಲ ಎಂದೇ ಅವನು ಹೇಳುತ್ತಿದ್ದ.

ನಿಲ್ದಾಣವನ್ನು ಮಾಡಿದವರು ಮೂಲೆಯ ಅಂಗಡಿಯ ಹುಸೇನಸಾಬರು. ಟ್ರಂಕು, ಬಕೆಟ್ಟು, ಕಾಳಿನ ಡಬ್ಬಿ ಮಾಡುವ ಕೈ. ಅಣ್ಣ ಪೇಪರಿನ ಚಿತ್ರ ತೋರಿಸಿದಾಗ ಅದನ್ನು ಅಡ್ಡ ಉದ್ದ ತಿರುಗಿಸಿ ನೋಡಿ ಹೇಳಿದರು:

"ಡಬ್ಬಾ ಅಂದ್ರ ಡಬ್ಬಾನ ತಮ್ಮಾ. ಎಣ್ಣೀದಾದ್ರೇನು, ಆಕಾಶದ್ದಾದ್ರೇನು. ರಷ್ಯಾದವರಿಗೆ ವರ್ಷಗಟ್ಟಲೆ ಟೈಮ್ ಇತ್ತು, ನೀ ನನಗ ಚೌತಿ ಒಳಗ ಕೇಳಾಕತ್ತಿ."

ತಗಡು ಬಡಿದು ಒಬ್ಬರು ಕೂರುವಷ್ಟು ದೊಡ್ಡ ಡಬ್ಬ ಮಾಡಿದರು. ಎರಡು ಬದಿಗೆ ತಗಡಿನ ರೆಕ್ಕೆ, ಮುಂದೆ ನೌಕೆ ಬಂದು ಸೇರಲು ಒಂದು ದೊಡ್ಡ ಬಳೆ. ಒಳಗೆ ಕೂತವರು ಹ್ಯಾಂಡಲ್ ತಿರುಗಿಸಿದರೆ ಬಳೆ ತಿರುಗಬೇಕು. ಆಗ ದಿಕ್ಕುಗೆಟ್ಟ ನಿಲ್ದಾಣ ಹೊರಳಾಡಿದಂತೆ ಕಾಣುತ್ತದೆ. ಆ ಕಡೆಯಿಂದ ಅಣ್ಣನ ನೌಕೆ ತಂತಿಯ ಮೇಲೆ ಮೋಟರಿನಿಂದ ಬರುತ್ತದೆ. ಅದು ಹತ್ತಿರ ಬಂದಾಗ ಬಳೆಯ ಕಚ್ಚು ಮೇಲಕ್ಕೆ ಬರುವಂತೆ ನಿಲ್ಲಿಸಬೇಕು. ನೌಕೆಯ ಮೂತಿ ಒಳಗೆ ಹೊಕ್ಕ ಕೂಡಲೇ ಅಗಳಿ ಹಾಕಬೇಕು. ಕೊನೆಗೆ ಗುಂಡಿ ಒತ್ತಿದರೆ ಸತ್ತ ನಿಲ್ದಾಣದ ದೀಪಗಳೆಲ್ಲ ಹತ್ತಿಕೊಳ್ಳುತ್ತವೆ. ಮೈಕಿನಲ್ಲಿ ಕಥೆ ಹೇಳುವ ಕೆಲಸವನ್ನು ಬಟ್ಟೆ ಅಂಗಡಿಯ ಮಾಯಪ್ಪ ತೆಗೆದುಕೊಂಡ. ಅವನು ಗಂಟೆ ಒಮ್ಮೆ ಬಾರಿಸಿದರೆ ಬಳೆ ನಿಲ್ಲಿಸಬೇಕು, ಎರಡು ಸಲ ಬಾರಿಸಿದರೆ ಅಗಳಿ.

ಒಳಗೆ ಯಾರು ಕೂರಬೇಕು ಎನ್ನುವಾಗ ತಕರಾರು ಬಂತು. ಗಲ್ಲಿಯ ಗಂಡಸರಿಗೆಲ್ಲ ಹೊರಗೆ, ಜನರಿಗೆ ಕಾಣುವಂತೆ ಕೆಲಸ ಬೇಕಾಗಿತ್ತು. ಬಿಸಿ ತಗಡಿನೊಳಗೆ ಮೊಳಕಾಲಿಗೆ ಗದ್ದ ತಾಗಿಸಿಕೊಂಡು ಯಾರು ಕೂರುತ್ತಾರೆ. ನಾನು ಕೂರುತ್ತೇನೆಂದು ಅಣ್ಣನಿಗೆ ಹೇಳಿದೆ. ಅವನು ನನ್ನ ಮುಖ ನೋಡಿದ. ಅದರೊಳಗೆ ಕೂತರೆ ಯಾರೂ ನನ್ನನ್ನು ಮಾತಾಡಿಸುವುದಿಲ್ಲ, ನಾನು ಯಾರ ತುಟಿಯನ್ನೂ ನೋಡಬೇಕಾಗಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ. ಅವನು ತಿಳಿದುಕೊಂಡನೆಂದು ಕಾಣುತ್ತದೆ.

ಗಂಟೆಯ ಸಮಸ್ಯೆಗೆ ಅವನೇ ಉಪಾಯ ಮಾಡಿದ. ಬಳೆಯ ಕೆಳಗೆ, ಡಬ್ಬದ ಮುಂಗಡೆಗೆ ನಾಲ್ಕಾಣೆಯಷ್ಟು ತೂತು ಕೊರೆದ. ಗಾಳಿ ಆಡಲಿಕ್ಕೆಂದು ಗಣಪತಿ ಮಂಡಳಿಯವರಿಗೆ ಹೇಳಿದ. ನೌಕೆಯ ಮೂತಿಗೆ ಸಣ್ಣ ಕೆಂಪು ದೀಪ ಕಟ್ಟಿದ. ತೂತಿಗೆ ಕಣ್ಣಿಟ್ಟರೆ ಕತ್ತಲಲ್ಲಿ ಆ ದೀಪ ಬರುವುದು ಕಾಣುತ್ತಿತ್ತು. ತೂತಿನ ತುಂಬ ಕೆಂಪಾದಾಗ ಬಳೆ ನಿಲ್ಲಿಸುತ್ತಿದ್ದೆ, ತಗಡು ಕಂಪಿಸಿದಾಗ ಅಗಳಿ ಹಾಕುತ್ತಿದ್ದೆ. ತಾಲೀಮಿನಲ್ಲಿ ಒಮ್ಮೆಯೂ ತಪ್ಪಲಿಲ್ಲ. ಮಾಯಪ್ಪ ತನ್ನ ಗಂಟೆಯಿಂದಲೇ ಎಲ್ಲ ನಡೆಯುತ್ತಿದೆ ಎಂದುಕೊಂಡಿದ್ದ.

ಅವ್ವ ಬೇಡವೆಂದಳು. ಮದುವೆ ಗೊತ್ತಾಗುತ್ತಿರುವ ಹೆಣ್ಣು ಡಬ್ಬದೊಳಗೆ ಹೊಕ್ಕು ಹೊರಡುವುದೆಂದರೇನು ಎಂದಳು. ಅಪ್ಪನಿಗೆ ಹಿಂದಿನ ವರ್ಷದ ಹನುಮಂತನ ಚಿಂತೆ. ಆ ಮೋಟರ್ ಸುತ್ತಿದ್ದು ಅವನ ಅಂಗಡಿಯಲ್ಲೇ, ಈ ಸಲ ಆಟ ಕೆಡಬಾರದಾಗಿತ್ತು. ಒಳಗಿದ್ದವರು ಯಾರಿಗೂ ಕಾಣುವುದಿಲ್ಲ, ಮಂಟಪದ ಹಿಂದಿನ ಪರದೆಯಿಂದ ಹೋಗಿ ಬರಲಿ ಎಂದ. ಸೀರೆ ಚೈನಿಗೆ ಸಿಕ್ಕೀತೆಂದು ಅಣ್ಣನ ಹಳೆಯ ಪ್ಯಾಂಟು, ಅಂಗಿ ಹಾಕಿಕೊಂಡೆ. ಅದನ್ನು ನೋಡಿ ಅವ್ವ ಮುಖ ತಿರುಗಿಸಿಕೊಂಡಳು.

ಮೊದಲ ಸಂಜೆ ದೀಪ ಹತ್ತುವ ಮೊದಲೇ ನನ್ನನ್ನು ಒಳಗೆ ಕೂರಿಸಿ ಹಿಂದಿನ ಬಾಗಿಲು ಮುಚ್ಚಿದರು. ತೂತಿಗೆ ಕಣ್ಣಿಟ್ಟು ಕೂತೆ. ಮುಂದೆ ಜನ ಸೇರುತ್ತಿದ್ದರು. ಮಾಯಪ್ಪ ಮೈಕ್ ಊದಿ ನೋಡುತ್ತಿದ್ದ. ಲೌಡ್‌ಸ್ಪೀಕರಿನ ಸದ್ದು ನನಗೆ ಮಾತಾಗಿ ಬರುವುದಿಲ್ಲ, ತಗಡಿನಿಂದ ಹಲ್ಲಿಗೆ ಬರುವ ಒಂದು ಗುಂಯ್ ಅಷ್ಟೆ.

ಮುಂದೆ ಆದದ್ದರಲ್ಲಿ ಅರ್ಧ ನಾನು ಕಂಡದ್ದು. ಉಳಿದದ್ದು ಅಣ್ಣ ಆಮೇಲೆ ಹೇಳಿದ್ದು.

ಖಾನಾಪುರದವರು ಬಂದಿದ್ದರು. ನಮ್ಮ ಮನೆಗೆಂದು ಬಂದವರಲ್ಲ, ಎಲ್ಲರಂತೆ ಗಣಪತಿ ನೋಡಲು ಪ್ಯಾಸೆಂಜರ್ ಗಾಡಿಗೆ ಬಂದು, ದುಂಡಪ್ಪನವರ ಗಲ್ಲಿಯೂ ನೋಡಿಕೊಂಡು ಹೋಗೋಣವೆಂದು ಹೊಕ್ಕಿದ್ದರು. ಅಪ್ಪ ಓಡಿಬಂದು ಖುರ್ಚಿ ಹಾಕಿಸಿದ. ಬಂಡೆಪ್ಪನವರು, ಹುಡುಗಿ ಕಾಣುವುದಿಲ್ಲವಲ್ಲ ಎಂದು ಕೇಳಿದರು. ಕಾಕತಿಯಲ್ಲಿರುವ ಅವಳ ಚಿಕ್ಕವ್ವನ ಮನೆಗೆ ಹೋಗಿದ್ದಾಳೆ ಎಂದ ಅಪ್ಪ. ಹೇಳಿದವನೇ, ಮಾತು ಅಲ್ಲಿಗೇ ನಿಲ್ಲಲೆಂದೋ ಏನೋ, ಮಂಡಳಿಯವರನ್ನು ಕರೆದು, ಬೀಗರಾಗುವವರು ಬಂದಿದ್ದಾರೆ, ದೇಖಾವೆಯ ಪೂಜೆ ಇವರ ಕೈಯಿಂದಲೇ ಆಗಲಿ ಎಂದ.

ನಮ್ಮಲ್ಲಿ ಹೊಸ ಹೊಲಿಗೆ ಮೆಷಿನ್ ತಂದರೂ, ಹೊಸ ಪಂಪು ಕೂರಿಸಿದರೂ ಪೂಜೆ ಮಾಡದೆ ಚಾಲೂ ಮಾಡುವುದಿಲ್ಲ. ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆಯಬೇಕು. ಆಕಾಶ ನಿಲ್ದಾಣಕ್ಕೂ ಅದು ತಪ್ಪಲಿಲ್ಲ. ತೂತಿನಿಂದ ನೋಡುತ್ತಿದ್ದಂತೆ ನನ್ನೆದುರು ಒಂದು ಧೋತರ ಬಂದು ನಿಂತಿತು. ಅದು ಬಾಗಿತು. ವಿಭೂತಿ ಹಚ್ಚಿದ ಹಣೆ, ಬಿಳಿ ಮೀಸೆ, ಬಂಡೆಪ್ಪನವರ ಮುಖ ಗೇಣು ದೂರದಲ್ಲಿ. ನಾನು ಉಸಿರು ಹಿಡಿದೆ. ಅವರ ಎರಡೂ ಕೈಯಲ್ಲಿ ಚೆಂಡುಹೂವಿನ ದಪ್ಪ ಹಾರ ಇತ್ತು. ಕೈ ಮೇಲೆ ಹೋಯಿತು, ಹಾರ ಇಳಿಯಿತು. ತೂತು ಕತ್ತಲಾಯಿತು.

ಅಣ್ಣ ಮೋಟರಿನ ಹತ್ತಿರ ನಿಂತಿದ್ದ. ಅವನು ಹಾರವನ್ನೂ ಕಂಡ, ಹಾರ ಬಿದ್ದ ಜಾಗವನ್ನೂ ಕಂಡ. ಸರಿಸಿ ಎಂದರೆ ಯಾಕೆ ಅನ್ನುತ್ತಾರೆ. ಗಾಳಿಗೆ ಎಂದರೆ, ಒಳಗೆ ಯಾರಿದ್ದಾರೆ ಅನ್ನುತ್ತಾರೆ. ಹಿರಿಯರು ಕೈಯಾರೆ ಹಾಕಿದ ಹಾರವನ್ನು ಕ್ಷಣದಲ್ಲಿ ತೆಗೆಯುವುದು ಅಪಶಕುನ ಬೇರೆ. ಅಪ್ಪ ಕೈಜೋಡಿಸಿಕೊಂಡು ನಗುತ್ತಿದ್ದ. ಅಣ್ಣ ಮೋಟರಿನ ಗುಂಡಿಗೆ ಕೈ ಹಾಕಿದ.

ನಾನು ತೂತಿನಲ್ಲಿ ಬೆರಳು ತೂರಿಸಿ ಹೂವನ್ನು ದೂಡಿದೆ. ಒಂದು ಹೂವು ಸರಿಯಿತು, ಇನ್ನೊಂದು ಬಂದು ಕೂತಿತು. ಇನ್ನಷ್ಟು ದೂಡಿದ್ದರೆ ದಾರಿ ಆಗುತ್ತಿತ್ತೇನೋ. ಆದರೆ ಆ ಕಡೆ ಬಂಡೆಪ್ಪನವರು ನಿಂತಿದ್ದಾರೆ, ರಷ್ಯಾದವರ ಡಬ್ಬದಿಂದ ಒಂದು ಬೆರಳು ಹೊರಬರುವುದನ್ನು ಅವರು ನೋಡುತ್ತಾರೆ, ಆ ಬೆರಳಿನಲ್ಲಿ ಅವರು ನನ್ನನ್ನು ನೋಡಲು ಬಂದಾಗ ಹಾಕಿಕೊಂಡಿದ್ದ ಹಿತ್ತಾಳೆಯ ಉಂಗುರವೇ ಇದೆ ಎಂದು ನೆನಪಾಯಿತು. ಬೆರಳನ್ನು ಒಳಗೆ ಎಳೆದುಕೊಂಡೆ.

ಕಾಲಡಿಯ ಹಲಗೆ ನಡುಗಿತು. ಅಣ್ಣ ಮೋಟರ್ ಚಾಲೂ ಮಾಡಿದ್ದ. ನಾನು ಹ್ಯಾಂಡಲ್ ತಿರುಗಿಸತೊಡಗಿದೆ. ಏನೂ ಕಾಣುವುದಿಲ್ಲ. ನೌಕೆ ಎಲ್ಲಿದೆ, ನಡುವೆಯೋ, ಹತ್ತಿರವೋ. ತಗಡಿಗೆ ಅಂಗೈ ಹಚ್ಚಿದೆ. ಲೌಡ್‌ಸ್ಪೀಕರಿನ ಗುಂಯ್‌ಗೆ ತಗಡೆಲ್ಲ ನಡುಗುತ್ತಿತ್ತು, ಅದರಲ್ಲಿ ನೌಕೆಯ ನಡುಕ ಯಾವುದು ಎಂದು ತಿಳಿಯಲಿಲ್ಲ. ಬೇಗ ನಿಲ್ಲಿಸಿದರೆ ಆಟ ಕೆಡುತ್ತದೆ, ತಡವಾಗಿ ನಿಲ್ಲಿಸಿದರೂ ಕೆಡುತ್ತದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಹೂವಿನ ಕಹಿ ವಾಸನೆ ಡಬ್ಬದ ತುಂಬ. ಹ್ಯಾಂಡಲ್ ಬರಬರುತ್ತ ಬಿಗಿಯಾಯಿತು. ಹಾರ ಬಳೆಗೆ ಸುತ್ತಿಕೊಳ್ಳುತ್ತಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ, ಜೋರು ಹಾಕಿ ತಿರುಗಿಸಿದೆ.

ಹೊರಗೆ ಮಾಯಪ್ಪ ಕಥೆ ಹೇಳುತ್ತಿದ್ದ. ಹಲೋ ಹಲೋ ಎಂದು ನೌಕೆಯವರು ಕರೆಯುತ್ತಾರೆ, ನಿಲ್ದಾಣ ಓಗೊಡುವುದಿಲ್ಲ, ನೂರು ಮೀಟರ್, ಐವತ್ತು ಮೀಟರ್, ಪ್ರಾಣ ಕೈಯಲ್ಲಿ ಹಿಡಿದು ಮುಂದೆ ಬರುತ್ತಿದ್ದಾರೆ. ಜನ ಉಸಿರು ಬಿಗಿಹಿಡಿದಿದ್ದರಂತೆ. ಅವನು ಗಂಟೆ ಬಾರಿಸಿದ. ಬಳೆ ನಿಲ್ಲಲಿಲ್ಲ. ಮತ್ತೆ ಬಾರಿಸಿದ. ನೌಕೆಯ ಮೂತಿ ತಿರುಗುವ ಬಳೆಗೆ ಬಡಿದು ಹಿಂದಕ್ಕೆ ಜಿಗಿಯಿತು. ಡಬ್ಬ ನನ್ನ ತಲೆಯೊಳಗೆಲ್ಲ ಡಂ ಎಂದಿತು. ನಾನು ದಿಗಿಲುಬಿದ್ದು ಅಗಳಿ ಹಾಕಿದೆ. ಹಾಕಿದ ಅಗಳಿ ಖಾಲಿ ಹೋಯಿತು. ತೆಗೆದು, ಹ್ಯಾಂಡಲ್ ಉಲ್ಟಾ ತಿರುಗಿಸಿದೆ. ನೌಕೆ ಮತ್ತೊಮ್ಮೆ ಬಂದು ಬಡಿಯಿತು. ಈ ಸಲ ಅದರ ಮೂತಿ ಹಾರಕ್ಕೆ ಸಿಕ್ಕಿ, ಹೂವು ಉದುರಿಸುತ್ತ ಬಳೆಯ ಜೊತೆಗೆ ಸುತ್ತತೊಡಗಿತು. ಜನ ಸೀಟಿ ಹೊಡೆದರು.

ಆಗ ಮಾಯಪ್ಪ ಮೈಕ್ ಬಾಯಿಗೆ ಒತ್ತಿಕೊಂಡು ಕಥೆ ಬಿಟ್ಟು ಕೂಗಿದ:

"ಏ ಸಿದ್ದಕ್ಕಾ, ಬಳಿ ನಿಲ್ಲಸ. ಗಂಟಿ ಹೊಡ್ಯಾಕತ್ತೀನಿ, ಕೇಳಸವಲ್ದೇನು? ದುಂಡಪ್ಪನ ಮಗಳ, ನಿನಗ ಹೇಳಾಕತ್ತೀನಿ."

ನಾಲ್ಕು ಗಲ್ಲಿಗೆ ಅದು ಕೇಳಿಸಿತು. ನನ್ನೊಬ್ಬಳಿಗೆ ಕೇಳಲಿಲ್ಲ. ಜನರ ನಡುವಿನಿಂದ ಯಾರೋ, "ರಷ್ಯಾದ ಡಬ್ಬ್ಯಾಗ ಸಿದ್ದಕ್ಕ ಹೆಂಗ ಹೊಕ್ಕಳೋ" ಎಂದ. ನಗು ಎದ್ದಿತು. ಅಣ್ಣ ಮೋಟರ್ ಬಂದ್ ಮಾಡಿದ.

ಬಂಡೆಪ್ಪನವರು ಅಪ್ಪನ ಕಡೆ ತಿರುಗಿದರು. ಅಪ್ಪ ಆಗ ಹೇಳಿದ ಮಾತನ್ನು ಅಣ್ಣ ನನಗೆ ಹೇಳಬಾರದೆಂದಿದ್ದನಂತೆ, ಬಹಳ ದಿನದ ಮೇಲೆ ಹೇಳಿದ.

"ಆಕಿ ಬ್ಯಾರೆ ಸಿದ್ದಕ್ಕರಿ," ಅಂದನಂತೆ ಅಪ್ಪ. "ನಮ್ಮ ಗಲ್ಲ್ಯಾಗ ಇನ್ನೊಬ್ಬ ದುಂಡಪ್ಪ ಅದಾನ್ರಿ."

ಶಿವಬಸವ್ವ ಎದ್ದಳು. ಪರದೆ ಸರಿಸಿಕೊಂಡು ಮಂಟಪದ ಹಿಂದೆ ಬಂದಳು.

ನನಗೆ ಇದ್ಯಾವುದೂ ತಿಳಿಯದು. ಹಲಗೆಯ ನಡುಕ ನಿಂತಿತ್ತು, ಜೋಡಣೆಯಾಯಿತೋ ಇಲ್ಲವೋ ಗೊತ್ತಿಲ್ಲ. ನಾನು ಇನ್ನೂ ಹ್ಯಾಂಡಲ್ ತಿರುಗಿಸುತ್ತಲೇ ಇದ್ದೆ. ಬೆನ್ನ ಹಿಂದೆ ತಂಪು ಗಾಳಿ ಬಂತು. ಬಾಗಿಲು ತೆರೆದಿತ್ತು. ಅಣ್ಣನೆಂದು ತಿರುಗಿದರೆ ಶಿವಬಸವ್ವ. ಟ್ಯೂಬ್‌ಲೈಟ್ ಆಕೆಯ ಮುಖಕ್ಕೆ ನೇರವಾಗಿ ಬೀಳುತ್ತಿತ್ತು. ನಾನು ಅಣ್ಣನ ಪ್ಯಾಂಟಿನಲ್ಲಿ, ಮಸಿ ಮೆತ್ತಿದ ಮುಖದಲ್ಲಿ, ಮೊಳಕಾಲು ಅಪ್ಪಿಕೊಂಡು ಕೂತಿದ್ದೆ. ಆಕೆಯ ಹಿಂದೆ ಅಪ್ಪ ಬಂದು ನಿಂತಿದ್ದ. ಅವನ ಎಡಗೈ ಅಂಗಿಯ ಗುಂಡಿಯನ್ನು ತಿರುವುತ್ತಿತ್ತು.

ಶಿವಬಸವ್ವ ಬಾಗಿದಳು. ಅವಸರವಿಲ್ಲದೆ, ಒಂದೊಂದೇ ಮಾತು ತುಟಿಯಲ್ಲಿ ಕಾಣುವ ಹಾಗೆ ಕೇಳಿದಳು.

"ನಿನಗ ಕೇಳಸಂಗಿಲ್ಲ. ಹೌದಿಲ್ಲೋ?"

ಬೆನ್ನು ಒತ್ತಲು ಅವ್ವ ಇರಲಿಲ್ಲ. ಅಪ್ಪ ಆಕೆಯ ಭುಜದ ಮೇಲಿನಿಂದ ನನಗೆ ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದ. ಅವನ ಕಣ್ಣನ್ನು ನಾನು ಓದಿದೆ. ಆ ಹೊತ್ತಿಗೆ ಸುಳ್ಳು ಹೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

"ಹೌದ್ರಿ," ಅಂದೆ. "ಕೇಳಸಂಗಿಲ್ಲ."

ನನ್ನ ದನಿ ಎಷ್ಟು ಎತ್ತರಕ್ಕೆ ಹೋಗುತ್ತದೆಂದು ನನಗೆ ಅಂದಾಜಿಲ್ಲ. ಕೂಗಿದಂತೆ ಬಂತೆಂದು ಕಾಣುತ್ತದೆ. ಪರದೆಯ ಸಂದಿಯಲ್ಲಿ ಒಂದರ ಹಿಂದೊಂದು ತಲೆಗಳು ಇಣುಕಿದವು.

ಮರುದಿನ ಬೆಳಗಿನ ಹೊತ್ತಿಗೆ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರೆಲ್ಲ ನನ್ನ ಮುಖಕ್ಕೆ ಹತ್ತಿರ ಬಂದು, ಬಾಯಿ ಇಷ್ಟಗಲ ತೆರೆದು ಮಾತಾಡಿಸಿದರು. ಅವರದು ಕನಿಕರವೇ. ಆ ಕನಿಕರ ತಾಳಲಾರದೆ ನಾನು ಅರ್ಧ ಕೊಡದಲ್ಲೇ ಮನೆಗೆ ಬಂದೆ. ಅಂದಿನಿಂದ ಅಪ್ಪ ಮಂಟಪದ ಕಡೆ ಹೋಗಲಿಲ್ಲ. ಅಂಗಡಿಯಿಂದ ಬಂದರೆ ಊಟದ ತಟ್ಟೆ ನೋಡುತ್ತ ಉಣ್ಣುತ್ತಿದ್ದ. ಅವನ ತುಟಿ ನನಗೆ ಕಾಣದಂತೆ ತಲೆ ತಗ್ಗಿಸಿರುತ್ತಿದ್ದ.

ದೇಖಾವೆ ನಿಲ್ಲಿಸುವಂತಿರಲಿಲ್ಲ. ಒಂದು ಸಂಜೆ ಕೆಟ್ಟಿತು, ಉಳಿದ ಸಂಜೆಗಳು ಇದ್ದವು. ನಾನು ಒಲ್ಲೆನೆಂದೆ. ಅಣ್ಣ ಒಂದು ಸುತಳಿಯ ತುದಿಯನ್ನು ನನ್ನ ಮಣಿಕಟ್ಟಿಗೆ ಕಟ್ಟಿ, ಇನ್ನೊಂದು ತುದಿ ತಾನು ಹಿಡಿದು, ಒಮ್ಮೆ ಎಳೆದರೆ ಬಳೆ, ಎರಡು ಸಲ ಎಳೆದರೆ ಅಗಳಿ ಎಂದ. ಇಷ್ಟೇ ಕೆಲಸ. ಒಂದು ತುಂಡು ಸುತಳಿಯ ಉಪಾಯ ಮೊದಲೇ ಹೊಳೆದಿರಲಿಲ್ಲ ಎಂದಲ್ಲ. ಸುತಳಿ ಕಟ್ಟಿದರೆ ಯಾಕೆ ಕಟ್ಟಿದ್ದೀರಿ ಎಂದು ಯಾರಾದರೂ ಕೇಳುತ್ತಿದ್ದರು. ಈಗ ಕೇಳುವವರು ಇರಲಿಲ್ಲ.

ಎರಡನೆಯ ಸಂಜೆಯಿಂದ ನೌಕೆ ಪ್ರತಿ ಸಲವೂ ನೆಟ್ಟಗೆ ಬಂದು ಜೋಡಿಸಿಕೊಂಡಿತು. ದೀಪ ಹತ್ತಿದಾಗ ಜನ ಚಪ್ಪಾಳೆ ಹೊಡೆಯುವುದು ತಗಡಿನಲ್ಲಿ ಮಳೆಯಂತೆ ತಿಳಿಯುತ್ತಿತ್ತು. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಮಾಯಪ್ಪ ತನ್ನ ತಪ್ಪನ್ನು ತಿದ್ದಿಕೊಳ್ಳುವ ಮನಸ್ಸಿನಿಂದ ಮೈಕಿನಲ್ಲಿ ಕೊನೆಗೆ ಒಂದು ಮಾತು ಸೇರಿಸಿದ. ಒಳಗೆ ಕೂತ ನಮ್ಮ ಗಲ್ಲಿಯ ಮಗಳಿಗೆ ಕಿವಿ ಕೇಳುವುದಿಲ್ಲ, ಆದರೂ ಎಂಥ ಕೆಲಸ ಮಾಡಿದ್ದಾಳೆ ನೋಡಿ ಎಂದು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳುತ್ತಿದ್ದ. ಜನ ಪರದೆಯ ಹಿಂದೆ ಬಂದು, ಮಕ್ಕಳನ್ನು ಎತ್ತಿಹಿಡಿದು ನನ್ನನ್ನು ತೋರಿಸುತ್ತಿದ್ದರು. ಅಣ್ಣ ಮಾಯಪ್ಪನ ಜೊತೆ ಜಗಳವಾಡಿದ. ಚಲೋದಕ್ಕೇ ಹೇಳಿದೆನಲ್ಲ ಎಂದು ಅವನಿಗೆ ಕೆಟ್ಟೆನಿಸಿತಂತೆ.

ಹಬ್ಬದ ನಡುವೆ ಒಂದು ಬೆಳಿಗ್ಗೆ ಅಪ್ಪ, ಸೀರೆ ಉಟ್ಟುಕೊ, ಖಾನಾಪುರಕ್ಕೆ ಹೋಗಬೇಕು ಎಂದ. ಅವನೇ ನನ್ನನ್ನು ಕರೆದುಕೊಂಡು ಹೊರಟ. ರೈಲಿನಲ್ಲಿ ಅವನು ಕಿಟಕಿಯ ಕಡೆ, ನಾನು ಅವನ ಕಡೆ ನೋಡುತ್ತ ಕೂತೆವು. ಖಾನಾಪುರದಲ್ಲಿ ಇಳಿದರೆ ಹಸಿ ಮಣ್ಣಿನ, ಭಟ್ಟಿಯ ಹೊಗೆಯ ವಾಸನೆ. ಬಂಡೆಪ್ಪನವರ ಅಂಗಳದಲ್ಲಿ ಒಡಕು ಹಂಚುಗಳನ್ನು ಒಟ್ಟಿದ್ದರು. ಹುಡುಗ ಕೆಲಸಕ್ಕೆ ಹೋಗಿದ್ದ. ಶಿವಬಸವ್ವ ಚಹಾ ತಂದಳು. ಕುಡಿಯದೆ ಅಪ್ಪ ಮಾತು ಶುರುಮಾಡಿದ. ಕಿವಿಯ ವಿಷಯ ಮುಚ್ಚಿಟ್ಟದ್ದು ತಪ್ಪಾಯಿತು, ಹುಡುಗಿ ಕೆಲಸದಲ್ಲಿ ಕಡಿಮೆಯಿಲ್ಲ, ನೀವು ದೊಡ್ಡ ಮನಸ್ಸು ಮಾಡಬೇಕು ಎಂದ. ಅವನ ಕೈ ನೆಲಕ್ಕೆ ಮುಟ್ಟುತ್ತಿತ್ತು. ಅಪ್ಪ ಹಾಗೆ ಬಾಗಿದ್ದನ್ನು ನಾನು ಗಿರಾಕಿಗಳ ಮುಂದೆಯೂ ನೋಡಿರಲಿಲ್ಲ.

ಬಂಡೆಪ್ಪನವರು ಹಂಚಿನ ರಾಶಿಯ ಕಡೆ ನೋಡುತ್ತ ಏನೋ ಹೇಳತೊಡಗಿದರು. ನನಗೆ ಕೆನ್ನೆ ಮಾತ್ರ ಕಾಣುತ್ತಿತ್ತು. ಶಿವಬಸವ್ವ ತಂದೆಯ ಮೊಳಕೈ ಮುಟ್ಟಿದಳು.

"ಅಪ್ಪಾ, ಆಕಿ ಕಡೆ ತಿರಗಿ ಹೇಳ್ರಿ. ಮಾತು ಆಕೀದ ಐತಿ."

ಅವರು ಖುರ್ಚಿಯನ್ನೇ ನನ್ನ ಕಡೆ ತಿರುಗಿಸಿಕೊಂಡು ಕೂತರು.

"ಕಿವೀದು ಬಿಡವಾ ತಂಗಿ. ನಮ್ಮ ಕಾರಖಾನ್ಯಾಗ ಮಷಿನ್ ಮುಂದ ನಿಂತು ಅರ್ಧಾ ಮಂದಿ ಕಿವುಡರ ಆಗ್ಯಾರ. ಮೊದಲ ಹೇಳಿದ್ರ ನಾ ಅದರ ವಿಚಾರಾನ ಮಾಡ್ತಿರಲಿಲ್ಲ. ನಾ ಕೈಯಾರೆ ಹಾರ ಹಾಕೀನಿ. ಅದರೊಳಗ ಕುಂತಾಕೀನ್ನ ಕಾಕತ್ಯಾಗ ಅದಾಳ ಅಂದ್ರು. ನಿನ್ನ ಹೆಸರು ಹಿಡದು ಕರದಾಗೂ ಆಕಿ ನನ್ನ ಮಗಳಲ್ಲ ಅಂದ್ರು. ಹಡದ ಮಗಳನ್ನ ಮಂದ್ಯಾಗ ಅಲ್ಲ ಅಂದವರ ಜೋಡಿ ನಾ ಹೆಂಗ ಬೀಗತನಾ ಮಾಡ್ಲಿ? ನಿನ್ನ ತಪ್ಪಿಲ್ಲ. ಆದ್ರ ಈ ಮನೀಗೆ ಬ್ಯಾಡ."

ಅಷ್ಟು ಸ್ಪಷ್ಟವಾಗಿ ಯಾರ ಮಾತೂ ನನಗೆ ಅದುವರೆಗೆ ಕಂಡಿರಲಿಲ್ಲ. ಒಂದು ಅಕ್ಷರವೂ ತಪ್ಪಲಿಲ್ಲ. ಅವರು ಹಂಚಿನ ಕಡೆಯೇ ಮುಖ ಮಾಡಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಅಪ್ಪ ನನ್ನನ್ನು ಮಗಳಲ್ಲ ಎಂದದ್ದು ನನಗೆ ಗೊತ್ತಾದದ್ದೂ ಅಲ್ಲಿಯೇ. ಅಣ್ಣ ಆಮೇಲೆ ಆ ಇನ್ನೊಬ್ಬ ದುಂಡಪ್ಪನ ಮಾತನ್ನು ಬಿಡಿಸಿ ಹೇಳಿದ, ಅಷ್ಟೆ. ನಾನು ಅಪ್ಪನ ಕಡೆ ನೋಡಲಿಲ್ಲ. ನೋಡಿದರೆ ನನಗೆ ಗೊತ್ತಾಯಿತೆಂದು ಅವನಿಗೆ ಗೊತ್ತಾಗುತ್ತಿತ್ತು. ತಣ್ಣಗಾದ ಚಹಾವನ್ನು ಇಬ್ಬರೂ ಕುಡಿದು ಎದ್ದೆವು. ಶಿವಬಸವ್ವ ಬಾಗಿಲ ತನಕ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿದಳು.

ತಿರುಗಿ ಬರುವ ಗಾಡಿಯಲ್ಲಿ ಅಪ್ಪ ಒಂದು ಸಲ ನನ್ನ ಕಡೆ ತಿರುಗಿ ತುಟಿ ತೆರೆದ. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿದರೆ ನನ್ನೊಡನೆ ಯಾರೂ ಮಾತಾಡಲಾರರು. ಮನೆ ಬರುವ ತನಕ ನಿದ್ದೆ ಬಂದವಳಂತೆ ಕೂತಿದ್ದೆ.

ವಿಸರ್ಜನೆಯ ಹಿಂದಿನ ಸಂಜೆ ಕೊನೆಯ ಆಟ. ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳಗೆ ಕೂತು ಮಣಿಕಟ್ಟನ್ನು ಮಂಡಿಯ ಮೇಲೆ ಇಟ್ಟುಕೊಂಡು ಹ್ಯಾಂಡಲ್ ತಿರುಗಿಸುತ್ತಿದ್ದೆ. ತೂತಿನಲ್ಲಿ ಕೆಂಪು ದೀಪ ದೊಡ್ಡದಾಗುತ್ತ ಬಂತು. ಸುತಳಿ ಎಳೆಯಿತು. ನನ್ನ ಕೈ ತಡೆಯಿತು. ಅಣ್ಣನದು ಗುಂಡಿ ಒತ್ತಿದ ಹಾಗೆ ಚುಟುಕು ಎಳೆತ. ಇದು ನಿಧಾನ, ಸುತ್ತಿದ ತಂತಿ ನಡುವೆ ಎಲ್ಲಾದರೂ ತುಂಡಾಗಿದೆಯೋ ಎಂದು ಎಳೆದು ನೋಡುವವರ ಎಳೆತ. ಅಂಗಡಿಗೆ ನಾನು ಕಳಿಸಿದ ಪ್ರತಿಯೊಂದು ತಂತಿಯನ್ನೂ ಆ ಕೈ ಹಾಗೆಯೇ ಎಳೆದು ನೋಡುತ್ತಿತ್ತು. ಬಳೆ ನಿಲ್ಲಿಸಿದೆ. ಸುತಳಿ ಎರಡು ಸಲ ಎಳೆಯಿತು. ಅಗಳಿ ಹಾಕಿದೆ. ಅದು ಕೂತ ಸದ್ದು ಬೆರಳಿಗೆ ತಿಳಿಯಿತು. ಗುಂಡಿ ಒತ್ತಿದೆ. ದೀಪಗಳು ಹತ್ತಿದವು, ತಗಡು ಚಪ್ಪಾಳೆಗೆ ನಡುಗಿತು.

ಕೆಲಸ ಮುಗಿದಿತ್ತು. ಅಣ್ಣನಾಗಿದ್ದರೆ ಸುತಳಿ ಕೈಬಿಟ್ಟು ಬಾಗಿಲು ತೆಗೆಯಲು ಬರುತ್ತಿದ್ದ. ಸುತಳಿ ಸಡಿಲಾಗಲಿಲ್ಲ. ಎಳೆಯುತ್ತಲೂ ಇರಲಿಲ್ಲ, ಬಿಗಿಯಾಗಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡೇ ಇತ್ತು. ಜನ ಸರಿದುಹೋಗಿ ತಗಡು ಸುಮ್ಮನಾಗುವ ತನಕ ನಾನೂ ಅದನ್ನು ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿಕೊಂಡು ಹೊರಗೆ ಬಂದರೆ ಅಪ್ಪನ ಮುಖ ನೋಡಬೇಕಾಗುತ್ತಿತ್ತು.